ಆಯಿಲ್ ಚೆಲ್ಲುವ ಮೊದಲು ಒಂದು ಬಾಟಲಿ ತೆಗೆದಿಡಿ

ಈ ಸಲ ಕವನ ಇಲ್ಲ, ಸಿನೆಮಾ ಇಲ್ಲ, ರಾಜಕೀಯವೂ ಇಲ್ಲ. ಈ ಸಲದ ವಿಷಯ ಇಂಜಿನ್ ಆಯಿಲ್. ಅದರಲ್ಲೂ ಬೋಟಿನ ಇಂಜಿನ್ನಿನ ಆಯಿಲ್‌ಗೆ ನೀರು ಸೇರಿದರೆ ಅದು ಎಲ್ಲಿಂದ ಬಂತು ಅಂತ ಪತ್ತೆ ಮಾಡುವ ವಿಷಯ. "ಪುತ್ತೂರಿನವನಿಗೆ ಬೋಟಿನ ಉಸಾಬರಿ ಎಂತಕ್ಕೆ ಮಾರಾಯ, ಅಡಿಕೆ ಬಗ್ಗೆ ಬರಿ" ಅಂತ ನೀವು ಕೇಳಬಹುದು. ಕೇಳಿ, ಬೇಜಾರಿಲ್ಲ. ಅಡಿಕೆ ತೋಟಕ್ಕೂ ಬರ್ತೇನೆ, ಸ್ವಲ್ಪ ತಡೆಯಿರಿ :)

ಇಂಜಿನ್ನಿನ ಡಿಪ್ ಸ್ಟಿಕ್ ಎಳೆದು ನೋಡುತ್ತೀರಿ. ಕಪ್ಪಗೋ ಜೇನಿನ ಬಣ್ಣದಲ್ಲೋ ಇರಬೇಕಾದ ಆಯಿಲ್ ಹಾಲು ಜಾಸ್ತಿಯಾದ ಚಹಾದ ಹಾಗೆ ಕಾಣುತ್ತದೆ. ಅಂದರೆ ಒಳಗೆ ನೀರು ಹೋಗಿದೆ. ಇಷ್ಟು ಎಲ್ಲರಿಗೂ ಗೊತ್ತು. ಇದಾದ ಮೇಲೆ ನಡೆಯುವುದು ಕೂಡ ಹೆಚ್ಚಿನ ಕಡೆ ಒಂದೇ. "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂತ ಒಬ್ಬರು ಹೇಳುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ಆಯಿಲ್ ಕೆಳಗೆ ಬಿಟ್ಟು ಚೆಲ್ಲಿ ಆಯಿತು. ಹೆಡ್ ಬಿಚ್ಚಿ ಆಯಿತು. ಹೊಸ ಗ್ಯಾಸ್ಕೆಟ್, ಹೊಸ ಆಯಿಲ್, ಹೊಸ ಫಿಲ್ಟರ್. ಬೋಟು ಕಡಲಿಗೆ ಹೊರಟಿತು. ಗ್ಯಾಸ್ಕೆಟ್ಟೇ ಕಾರಣವಾಗಿದ್ದರೆ ಬಚಾವ್. ಅಲ್ಲದಿದ್ದರೆ ನಾಲ್ಕನೇ ದಿನ ನಡು ಕಡಲಿನಲ್ಲಿ ಪುನಃ ಅದೇ ಚಹಾ.

ನನ್ನ ವಾದ ಸಣ್ಣದು. ಆಯಿಲ್ ಹಾಲಾಗುವುದು ಜ್ವರ ಇದ್ದ ಹಾಗೆ. ಜ್ವರ ಯಾವುದರಿಂದ ಬಂತು ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಆ ಹಾಳಾದ ಆಯಿಲ್‌ನಲ್ಲೇ ಇರುತ್ತದೆ. ನಾವು ಮೊತ್ತಮೊದಲು ಮಾಡುವ ಕೆಲಸ ಅದನ್ನೇ ಚೆಲ್ಲುವುದು! ಕಳ್ಳ ಬಂದು ಹೋದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿ ಇಟ್ಟ ಹಾಗೆ.

ಸಾಫ್ಟ್‌ವೇರಿನಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಸರ್ವರ್ ಬಿದ್ದ ಕೂಡಲೇ "ರೀಸ್ಟಾರ್ಟ್ ಮಾಡು" ಅನ್ನುವವರು ಹತ್ತು ಜನ. ಅದಕ್ಕೆ ಮೊದಲು ಲಾಗ್ ಫೈಲ್ ಒಂದು ಕಾಪಿ ತೆಗೆದಿಡು ಅನ್ನುವವರು ಒಬ್ಬರೋ ಇಬ್ಬರೋ. ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ, ನಿಜ. ಮುಂದಿನ ಶನಿವಾರ ರಾತ್ರಿ ಎರಡು ಗಂಟೆಗೆ ಪುನಃ ಬೀಳುತ್ತದೆ, ಅದೂ ನಿಜ. ಆದರೆ ನಮ್ಮಲ್ಲಿ ಸರ್ವರ್ ಬಿದ್ದರೆ ಯಾರೂ ನೀರಿಗೆ ಬೀಳುವುದಿಲ್ಲ. ಬೋಟಿನ ಇಂಜಿನ್ ನಿಂತರೆ ಕತೆ ಬೇರೆ. ಗಾಳಿಗೆ, ಅಲೆಗೆ ಬೋಟನ್ನು ಎದುರು ನಿಲ್ಲಿಸುವ ಶಕ್ತಿಯೇ ಹೋಗುತ್ತದೆ. ಅದರಲ್ಲಿ ಜನ ಇರುತ್ತಾರೆ.

ಇನ್ನು ಪತ್ತೆ ಮಾಡುವುದು ಹೇಗೆ ಅಂತ ನೋಡೋಣ. ಮೊದಲು, ಬೋಟಿನ ಇಂಜಿನ್ ಲಾರಿಯ ಇಂಜಿನ್ನಿಗಿಂತ ಯಾಕೆ ಬೇರೆ ಅಂತ ತಿಳಿಯಬೇಕು. ಯಾಕೆಂದರೆ "ಗ್ಯಾಸ್ಕೆಟ್" ಅನ್ನುವ ಉತ್ತರ ಬಂದದ್ದೇ ಲಾರಿಯಿಂದ. ಲಾರಿಯಲ್ಲಿ ಒಂದೇ ನೀರು ಇರುವುದು, ರೇಡಿಯೇಟರಿನದ್ದು. ಅದು ಆಯಿಲ್‌ಗೆ ಸೇರುವ ದಾರಿಗಳು ಕಡಿಮೆ, ಅದರಲ್ಲಿ ಗ್ಯಾಸ್ಕೆಟ್ ದೊಡ್ಡ ದಾರಿ. ಹಾಗಾಗಿ ಲಾರಿ ನೋಡಿ ಕಲಿತ ಮೆಕ್ಯಾನಿಕ್ ಗ್ಯಾಸ್ಕೆಟ್ ಅಂದರೆ ಅವರದ್ದು ತಪ್ಪಲ್ಲ, ಅವರ ಅನುಭವದ ಲೆಕ್ಕ ಅದು. ಬೋಟಿನಲ್ಲಿ ಎರಡು ನೀರು. ಒಂದು ಇಂಜಿನ್ನಿನ ಒಳಗೆ ಸುತ್ತುವ ಸಿಹಿ ನೀರು ಅಥವಾ ಕೂಲಂಟ್. ಇನ್ನೊಂದು ಹೊರಗಿನ ಕಡಲ ನೀರು. ಹೀಟ್ ಎಕ್ಸ್‌ಚೇಂಜರ್ ಇರುವ ಇಂಜಿನ್ನಿನಲ್ಲಿ ಪಂಪು ಕಡಲ ನೀರನ್ನು ಎಳೆದು ಕೊಳವೆಗಳ ಮೂಲಕ ಹಾಯಿಸುತ್ತದೆ, ಒಳಗಿನ ನೀರು ಅದಕ್ಕೆ ಬಿಸಿ ಕೊಟ್ಟು ತಣ್ಣಗಾಗುತ್ತದೆ. ಕೆಲವು ಬೋಟುಗಳಲ್ಲಿ ಒಳಗಿನ ನೀರನ್ನೇ ಬೋಟಿನ ತಳದ ಹೊರಗೆ ಹಾಕಿದ ಪೈಪಿನಲ್ಲಿ ಸುತ್ತಿಸಿ ತಣ್ಣಗೆ ಮಾಡುತ್ತಾರೆ. ಇನ್ನು ಕೆಲವು ಹಳೆ ಇಂಜಿನ್ನುಗಳಲ್ಲಿ ಕಡಲ ನೀರೇ ನೇರ ಇಂಜಿನ್ ಒಳಗೆ ಹೋಗಿ ಹೊರಗೆ ಬರುತ್ತದೆ. ಇದರ ಮೇಲೆ ಸೈಲೆನ್ಸರಿಗೆ ನೀರು ಬಿಡುವ ವ್ಯವಸ್ಥೆ ಇದ್ದರೆ ಇನ್ನೊಂದು ದಾರಿ. ಬೋಟಿನ ತಳದಲ್ಲಿ ನೀರು ತುಂಬಿ ಇಂಜಿನ್ ಮುಳುಗಿದರೆ ಮತ್ತೊಂದು.

ಲೆಕ್ಕ ಹಾಕಿ ನೋಡಿ. ಹೆಡ್ ಗ್ಯಾಸ್ಕೆಟ್, ಬಿರುಕು ಬಿಟ್ಟ ಹೆಡ್ ಅಥವಾ ಬ್ಲಾಕು, ಲೈನರಿನ ಕೆಳಗಿನ ಓ ರಿಂಗು, ತೂತಾದ ಆಯಿಲ್ ಕೂಲರ್, ವಾಟರ್ ಪಂಪಿನ ಸೀಲು, ಸೈಲೆನ್ಸರಿನಿಂದ ಹಿಂದಕ್ಕೆ ಬಂದ ನೀರು, ತಳದ ನೀರು, ಕೊನೆಗೆ ಬರೀ ಹಬೆ. ಎಂಟು ದಾರಿ ಆಯಿತು. ಇದರಲ್ಲಿ ಹೆಡ್ ಬಿಚ್ಚಿದರೆ ಸರಿಯಾಗುವುದು ಒಂದೋ ಎರಡೋ. ಇನ್ನೊಂದು ಮಾತು: ಗ್ಯಾಸ್ಕೆಟ್ ಹೋದರೆ ಆಯಿಲ್ ಹಾಲಾಗಲೇಬೇಕು ಅಂತ ಕೂಡ ಇಲ್ಲ. ಸಿಲಿಂಡರಿನಿಂದ ನೀರಿನ ದಾರಿಗೆ ಮಾತ್ರ ತೂತಾದರೆ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ, ಬಿಳಿ ಹೊಗೆ ಬರುತ್ತದೆ, ಆಯಿಲ್ ಶುದ್ಧವಾಗಿಯೇ ಇರಬಹುದು.

ಹಬೆಯ ಬಗ್ಗೆ ಒಂದು ಲೆಕ್ಕ. ಡೀಸೆಲ್‌ನಲ್ಲಿರುವ ಹೈಡ್ರೋಜನ್ ಉರಿದು ನೀರಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹುಟ್ಟುವ ನೀರು ಹೆಚ್ಚು ಕಡಿಮೆ ಒಂದು ಲೀಟರ್! ಎಲ್ಲ ಆವಿಯಾಗಿ ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ, ಚೂರು ಮಾತ್ರ ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೆಳಗೆ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಅದೂ ಆರಿಹೋಗುತ್ತದೆ. ದಿನಾ ಐದು ನಿಮಿಷ ಮಾತ್ರ ಓಡಿಸಿ ನಿಲ್ಲಿಸುವ ಇಂಜಿನ್ನಿನಲ್ಲಿ ಆರುವುದಿಲ್ಲ. ಆಗ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಬೆಣ್ಣೆಯ ಹಾಗೆ ಬಿಳಿ ಲೇಪ ಕಾಣುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಸರಿಯಾಗಿದ್ದು, ಮಟ್ಟ ಏರದೆ, ಮುಚ್ಚಳದಲ್ಲಿ ಮಾತ್ರ ಬೆಣ್ಣೆ ಇದ್ದರೆ ಮೊದಲು ಇಂಜಿನ್ನನ್ನು ಲೋಡಿನಲ್ಲಿ ಒಂದು ಗಂಟೆ ಓಡಿಸಿ ನೋಡಬೇಕು. ಇದಕ್ಕೆ ಹೆಡ್ ಬಿಚ್ಚಿದರೆ ಅದು ನೆಗಡಿಗೆ ಆಪರೇಷನ್ ಮಾಡಿದ ಹಾಗೆ.

ಡಿಪ್ ಸ್ಟಿಕ್ಕಿನಲ್ಲೇ ಹಾಲು ಕಂಡರೆ ಏನು ಮಾಡಬೇಕು? ಮೊದಲನೆಯದು, ಸ್ಟಾರ್ಟ್ ಮಾಡಬಾರದು. "ಒಮ್ಮೆ ಓಡಿಸಿ ನೋಡುವ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ನೀರು ಸೇರಿದ ಆಯಿಲ್ ಬೇರಿಂಗಿನಲ್ಲಿ ಪದರ ಕಟ್ಟಿ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ತಾಗುತ್ತದೆ. ಅದಕ್ಕಿಂತ ಅಪಾಯ ಸಿಲಿಂಡರಿನ ಒಳಗೆ ನೀರು ನಿಂತಿದ್ದರೆ. ಗಾಳಿಯನ್ನು ಒತ್ತಿ ಸಣ್ಣ ಮಾಡಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡು ಬಗ್ಗುತ್ತದೆ. ಇಂಜೆಕ್ಟರ್ ಬಿಚ್ಚಿ ಕೈಯಲ್ಲಿ ಇಂಜಿನ್ ತಿರುಗಿಸಿ, ನೀರು ಚಿಮ್ಮುತ್ತದಾ ನೋಡಿದರೆ ಅದೊಂದು ಸಂಶಯ ಮುಗಿಯಿತು. ಸೈಲೆನ್ಸರಿಗೆ ನೀರು ಬಿಡುವ ಬೋಟುಗಳಲ್ಲಿ ಇದು ತುಂಬಾ ಮುಖ್ಯ. ಇಂಜಿನ್ ಹಿಡಿಯದೆ ಸ್ಟಾರ್ಟರ್ ಒತ್ತಿ ಒತ್ತಿ ಇಟ್ಟರೆ ಪಂಪು ನೀರು ತುಂಬಿಸುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳುವ ಹೊಗೆಯ ಒತ್ತಡ ಇರುವುದಿಲ್ಲ. ಸೈಲೆನ್ಸರ್ ತುಂಬಿದ ನೀರು ತೆರೆದಿದ್ದ ವಾಲ್ವಿನಿಂದ ಸಿಲಿಂಡರಿಗೆ, ಅಲ್ಲಿಂದ ರಿಂಗಿನ ಸಂದಿಯಲ್ಲಿ ಆಯಿಲ್ ಚೇಂಬರಿಗೆ. ಇಲ್ಲಿ ಗ್ಯಾಸ್ಕೆಟ್ ಪಾಪ, ಏನೂ ಮಾಡಿಲ್ಲ!

ಎರಡನೆಯದು, ಇಂಜಿನ್ ಒಂದು ರಾತ್ರಿ ಅಲುಗಾಡದೆ ಇದ್ದ ಮೇಲೆ ಕೆಳಗಿನ ಡ್ರೈನ್ ಬೋಲ್ಟನ್ನು ಮೆಲ್ಲ ಸಡಿಲ ಮಾಡಿ, ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ನೀರು ಆಯಿಲ್‌ಗಿಂತ ಭಾರ, ಅದು ತಳದಲ್ಲಿ ಕೂತಿರುತ್ತದೆ. ಮೊದಲು ತಿಳಿ ನೀರು ಬಂದು ಆಮೇಲೆ ಚೆನ್ನಾದ ಆಯಿಲ್ ಬಂದರೆ, ನೀರು ಸೇರಿದ ಮೇಲೆ ಇಂಜಿನ್ ಓಡಲೇ ಇಲ್ಲ ಅಂತ ಅರ್ಥ. ಅಂದರೆ ನಿಂತಿದ್ದಾಗ ಬಂದ ನೀರು: ಸೈಲೆನ್ಸರ್, ತಳದ ನೀರು, ಅಥವಾ ನಿಂತ ಮೇಲೆ ಸೋರಿದ ಕೂಲರ್. ಬಂದದ್ದೆಲ್ಲ ಹಾಲೇ ಆಗಿದ್ದರೆ ಇಂಜಿನ್ ಅದನ್ನು ಕಡೆದಿದೆ, ಮಜ್ಜಿಗೆ ಕಡೆದ ಹಾಗೆ. ಯಾವಾಗ ಬಂತು ಅನ್ನುವುದು ಇಷ್ಟರಲ್ಲೇ ಗೊತ್ತಾಯಿತು. ಖರ್ಚು ಒಂದು ಖಾಲಿ ಬಾಟಲಿ. ಆಯಿಲನ್ನು ಬಕೆಟ್ಟಿಗೆ ಸುರಿದು ಚೆಲ್ಲಿದರೆ ಈ ಮಾಹಿತಿ ಜನ್ಮದಲ್ಲಿ ವಾಪಸು ಬರುವುದಿಲ್ಲ.

ಮೂರನೆಯದು ಸಂಶಯ ಇದ್ದಾಗ ಮಾತ್ರ. ಆಯಿಲ್ ಸ್ವಲ್ಪ ಮಬ್ಬಾಗಿದೆ, ನೀರೋ ಅಲ್ಲವೋ ಗೊತ್ತಾಗುವುದಿಲ್ಲ ಅಂತಾದರೆ ಸುಮಾರು 150 ಡಿಗ್ರಿ ಬಿಸಿಯಾದ ತಗಡಿನ ಮೇಲೆ ಒಂದು ಹನಿ ಹಾಕಿ. ನೀರಿದ್ದರೆ ಚಟಪಟ ಅನ್ನುತ್ತದೆ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಸಾವಿರದಲ್ಲಿ ಒಂದು ಭಾಗದಷ್ಟು ನೀರಿದ್ದರೂ ಇದರಲ್ಲಿ ಗೊತ್ತಾಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಮನೆಯ ದೋಸೆ ಕಾವಲಿಯಲ್ಲಿ ಮಾಡಿದರೆ ಆಮೇಲೆ ಏಳುವ ಶಬ್ದಕ್ಕೆ ನಾನು ಜವಾಬ್ದಾರಿ ಅಲ್ಲ :) ಆಯಿಲ್ ಮಟ್ಟ ಏರಿದೆ, ಆದರೆ ತೆಳ್ಳಗಾಗಿದೆ, ಹಾಲಿನ ಬಣ್ಣ ಇಲ್ಲ, ಚಟಪಟವೂ ಇಲ್ಲ, ಮೂಗಿಗೆ ಡೀಸೆಲ್ ವಾಸನೆ ಹೊಡೆಯುತ್ತದೆ ಅಂತಾದರೆ ಸೇರಿದ್ದು ನೀರಲ್ಲ, ಡೀಸೆಲ್. ಆಗ ಹುಡುಕಬೇಕಾದ ಜಾಗವೇ ಬೇರೆ.

ನಾಲ್ಕನೆಯದು, ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ. ಯಾವ ನೀರು? ಒಳಗಿನದ್ದೋ ಹೊರಗಿನದ್ದೋ? ಇದಕ್ಕೆ ಮೊದಲ ಸಾಕ್ಷಿ ಒಳಗಿನ ನೀರಿನ ಟ್ಯಾಂಕು. ಆಯಿಲ್ ಮಟ್ಟ ಏರಿದೆ, ಟ್ಯಾಂಕಿನ ಮಟ್ಟ ಇಳಿದಿದೆ ಅಂದರೆ ಒಳಗಿನ ನೀರು. ಆಯಿಲ್ ಏರಿದೆ, ಟ್ಯಾಂಕು ಇದ್ದ ಹಾಗೇ ಇದೆ ಅಂದರೆ ಹೊರಗಿನ ನೀರು. ಜಮಾ ಖರ್ಚು ಲೆಕ್ಕ, ಅಷ್ಟೇ. ಆದರೆ ಲೆಕ್ಕ ಬೇಕಾದರೆ ಬರೆದಿಟ್ಟಿರಬೇಕಲ್ಲ? ಟ್ಯಾಂಕಿಗೆ ಯಾವಾಗ ಎಷ್ಟು ನೀರು ಹಾಕಿದ್ದು ಅಂತ ತಂಡೇಲನಿಗೋ ಡ್ರೈವರಿಗೋ ನೆನಪಿಲ್ಲದಿದ್ದರೆ ಈ ಸಾಕ್ಷಿ ಹೋಯಿತು.

ಎರಡನೇ ಸಾಕ್ಷಿ ಉಪ್ಪು. ಬಾಟಲಿಯ ಆಯಿಲ್‌ಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸ್ವಲ್ಪ ಸೇರಿಸಿ, ಅಲ್ಲಾಡಿಸಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬಿಟ್ಟರೆ ನೀರು ಕೆಳಗೆ ಬೇರೆಯಾಗುತ್ತದೆ. ಆ ನೀರನ್ನು ಯಾವುದಾದರೂ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಕೊಡಿ. ಒಂದೆರಡು ಹನಿ ದುರ್ಬಲ ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟ್. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾವೆಲ್ಲ ಮಾಡಿದ್ದೇ. ಮೊಸರಿನ ಹಾಗೆ ಬಿಳಿ ಒತ್ತರ ಬಂದರೆ ಕ್ಲೋರೈಡ್ ಧಾರಾಳ ಇದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 250 ಮಿಲಿಗ್ರಾಂ. ಎಪ್ಪತ್ತೈದು ಪಟ್ಟು ವ್ಯತ್ಯಾಸ. ಬಾವಿ ನೀರಿಗೂ ಸ್ವಲ್ಪ ಮಬ್ಬು ಬರುತ್ತದೆ, ಅದನ್ನು ನೋಡಿ ಕಡಲು ಅಂದುಕೊಳ್ಳಬಾರದು. ಟ್ಯಾಂಕಿನ ನೀರನ್ನೂ ಪಕ್ಕದಲ್ಲಿ ಇಟ್ಟು ಹೋಲಿಸಿದರೆ ಸಂಶಯ ಇಲ್ಲ.

ಇಲ್ಲಿ ನಮ್ಮ ಊರು ಬರುತ್ತದೆ ನೋಡಿ! ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿ ಮಂಗಳೂರಿಗೆ ಹೋಗಿ ಗುರುಪುರ ನದಿಯ ಜೊತೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಮಂಗಳೂರಿನ ಹಳೆ ಬಂದರು ಇರುವುದು ಅಲ್ಲೇ, ಹೊಳೆಯ ಒಳಗೆ. ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ಕೆಂಪಾಗಿ ಇಳಿದು ಬರುವಾಗ ಅಳಿವೆಯ ಮೇಲ್ಪದರದ ನೀರಿನಲ್ಲಿ ಉಪ್ಪು ತೀರಾ ಕಡಿಮೆ ಇರುತ್ತದೆ. ಅದೇ ಹೊತ್ತಿಗೆ ಬೋಟುಗಳು ದಕ್ಕೆಯಲ್ಲಿ ಕಟ್ಟಿ ಹಾಕಿಕೊಂಡಿರುತ್ತವೆ. ಆಗ ಇಂಜಿನ್ನಿಗೆ ಹೊರಗಿನ ನೀರು ಹೊಕ್ಕರೂ ಸಿಲ್ವರ್ ನೈಟ್ರೇಟ್ ಮೊಸರಾಗುವುದಿಲ್ಲ. "ಉಪ್ಪಿಲ್ಲ, ಹಾಗಾದರೆ ಒಳಗಿನ ನೀರೇ, ಗ್ಯಾಸ್ಕೆಟ್ಟೇ" ಅಂತ ಹೇಳಿದರೆ ತಪ್ಪಾಗುತ್ತದೆ. ಬಂದದ್ದು ನಮ್ಮ ಕುಮಾರಧಾರೆಯ ನೀರೇ ಆಗಿರಬಹುದು! ಹಾಗಾಗಿ ಜುಲೈ ತಿಂಗಳಿನಲ್ಲಿ ಹಳೆ ಬಂದರಿನಲ್ಲಿ ಮಾಡಿದ ಉಪ್ಪಿನ ಪರೀಕ್ಷೆಗೂ ಜನವರಿಯಲ್ಲಿ ಆಳ ಸಮುದ್ರದಿಂದ ಬಂದ ಬೋಟಿಗೆ ಮಾಡಿದ ಪರೀಕ್ಷೆಗೂ ಒಂದೇ ಅರ್ಥ ಇಲ್ಲ. ಬೋಟಿನ ಪಕ್ಕದ ನೀರನ್ನೂ ಒಂದು ಬಾಟಲಿಯಲ್ಲಿ ತೆಗೆದು ಜೊತೆಗೆ ಪರೀಕ್ಷೆ ಮಾಡಬೇಕು. ಯಾವ ಪರೀಕ್ಷೆಯೇ ಆಗಲಿ, ಎಲ್ಲಿ, ಯಾವಾಗ ಅಂತ ಕೇಳದೆ ಅದರ ಉತ್ತರ ನಂಬಬಾರದು.

ಆಯಿಲ್ ಪರೀಕ್ಷೆ ಮಾಡುವ ಲ್ಯಾಬಿಗೆ ಕಳಿಸಿದರೆ ಇನ್ನೂ ಸ್ಪಷ್ಟ. ಅವರು ಲೋಹಗಳ ಪಟ್ಟಿ ಕೊಡುತ್ತಾರೆ. ಸೋಡಿಯಂ ಮತ್ತು ಮೆಗ್ನೀಷಿಯಂ ಎರಡೂ ಏರಿದ್ದರೆ ಕಡಲ ನೀರಿನ ಕಡೆ ಬೊಟ್ಟು. ಕಡಲ ನೀರಿನಲ್ಲಿ ಮೆಗ್ನೀಷಿಯಂನ ಸುಮಾರು ಎಂಟು ಪಟ್ಟು ಸೋಡಿಯಂ ಇರುತ್ತದೆ. ಸೋಡಿಯಂ ಜೊತೆ ಪೊಟ್ಯಾಸಿಯಂ ಅಥವಾ ಬೋರಾನ್ ಏರಿದ್ದರೆ ಕೂಲಂಟ್ ಕಡೆ ಬೊಟ್ಟು. ಕೆಲವು ಆಯಿಲ್‌ಗಳಲ್ಲಿ ಕಂಪೆನಿಯವರೇ ಮೆಗ್ನೀಷಿಯಂ, ಬೋರಾನ್ ಸೇರಿಸಿರುತ್ತಾರೆ. ಹಾಗಾಗಿ ಅದೇ ಡಬ್ಬಿಯ ಹೊಸ ಆಯಿಲ್‌ನ ಒಂದು ಸ್ಯಾಂಪಲ್ ಕೂಡ ಕಳಿಸಬೇಕು. ಇದಕ್ಕೂ ಬೇಕಾದದ್ದು ಬಾಟಲಿಯೇ.

ಐದನೆಯದು, ಒಳಗಿನ ನೀರು ಅಂತ ಗೊತ್ತಾದ ಮೇಲೆ ಯಾವ ತೂತು ಅಂತ ನೋಡುವುದು. ಇದಕ್ಕೂ ಹೆಡ್ ಬಿಚ್ಚಬೇಕಾಗಿಲ್ಲ. ಕೆಳಗಿನ ಆಯಿಲ್ ಚೇಂಬರ್ ತೆಗೆದು, ನೀರಿನ ಟ್ಯಾಂಕಿಗೆ ಕೈ ಪಂಪಿನಲ್ಲಿ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಟಾರ್ಚು ಹಿಡಿದು ಕೆಳಗಿನಿಂದ ನೋಡಬೇಕು. ಯಾವ ಲೈನರಿನ ಬುಡದಿಂದ ಹನಿ ಬೀಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅರ್ಧ ಗಂಟೆ ತಾಳ್ಮೆ ಬೇಕು. ಆಯಿಲ್ ಕೂಲರನ್ನು ಬಿಚ್ಚಿ, ಒಂದು ಕಡೆಗೆ ಗಾಳಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ಪಂಕ್ಚರ್ ನೋಡುತ್ತಾರಲ್ಲ, ಅದೇ. ಕೂಲರಿನದ್ದು ಒಂದು ವಿಚಿತ್ರ ಗುಣ. ಇಂಜಿನ್ ಓಡುವಾಗ ಸಾಮಾನ್ಯವಾಗಿ ಆಯಿಲ್ ಒತ್ತಡ ನೀರಿನದ್ದಕ್ಕಿಂತ ಜಾಸ್ತಿ, ಹಾಗಾಗಿ ಆಯಿಲ್ ನೀರಿಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಆಯಿಲ್ ಒತ್ತಡ ಸೊನ್ನೆ, ಬಿಸಿ ನೀರಿನ ಒತ್ತಡ ಇನ್ನೂ ಉಳಿದಿರುತ್ತದೆ, ಆಗ ನೀರು ಆಯಿಲ್‌ಗೆ ಬರುತ್ತದೆ. ಟ್ಯಾಂಕಿನಲ್ಲಿ ಎಣ್ಣೆಯ ಪಸೆ, ಆಯಿಲ್‌ನಲ್ಲಿ ನೀರು, ಎರಡೂ ಒಟ್ಟಿಗೆ ಕಂಡರೆ ಮೊದಲು ಕೂಲರ್ ಮೇಲೆ ಸಂಶಯ ಪಡಬೇಕು. ಕಡಲ ನೀರಿನ ಪಂಪು ಇಂಜಿನ್ನಿನ ಗೇರಿನಿಂದಲೇ ತಿರುಗುವಂಥದ್ದಾದರೆ ಅದರ ಎರಡು ಸೀಲುಗಳ ನಡುವೆ ಕೆಳಮುಖವಾಗಿ ಒಂದು ಸಣ್ಣ ತೂತು ಇರುತ್ತದೆ. ಸೀಲು ಹೋದರೆ ನೀರು ಅಲ್ಲಿಂದ ಹೊರಗೆ ತೊಟ್ಟಿಕ್ಕಿ ನಮಗೆ ಎಚ್ಚರಿಕೆ ಕೊಡಲಿ ಅಂತ. ಆ ತೂತು ಉಪ್ಪು, ಪೈಂಟು ಕೂತು ಕಟ್ಟಿಹೋಗಿದ್ದರೆ ಎಚ್ಚರಿಕೆ ಇಲ್ಲ, ನೀರು ನೇರ ಒಳಗೆ. ಒಂದು ಸಪೂರ ಸರಿಗೆ ಹಾಕಿ ನೋಡಿದರೆ ಗೊತ್ತಾಗುವ ವಿಷಯ.

ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ನಿನ ಲೆಕ್ಕ ಇನ್ನೂ ಬೇರೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಚೇಂಬರೇ ಇಲ್ಲ, ಆಯಿಲ್ ಇಂಧನದ ಜೊತೆಗೇ ಉರಿದುಹೋಗುತ್ತದೆ. ಅಲ್ಲಿ ಹಾಲಾಗುವುದು ನೀರಿನೊಳಗೆ ಇರುವ ಗೇರಿನ ಆಯಿಲ್. ಕಾರಣ ಅನೇಕ ಸಲ ಬಲೆಯ ನೂಲು! ಪ್ರೊಪೆಲರಿನ ಹಿಂದೆ ಸುತ್ತಿಕೊಂಡ ನೂಲು ಸೀಲನ್ನು ಕೊಯ್ದುಹಾಕುತ್ತದೆ. ನೂಲು ತೆಗೆಯದೆ, ಸೀಲು ಬದಲಿಸದೆ ಗೇರ್ ಆಯಿಲ್ ಮಾತ್ರ ಬದಲಿಸಿದರೆ ಎರಡು ದಿನಕ್ಕೆ ಪುನಃ ಅದೇ.

ಈಗ ಮಾತು ಕೊಟ್ಟ ಹಾಗೆ ಅಡಿಕೆ ತೋಟ. ಹೊಳೆ ಬದಿಯಲ್ಲಿ ಇಡುತ್ತಿದ್ದ ಡೀಸೆಲ್ ಪಂಪ್‌ಸೆಟ್ಟು ನೆನಪಿದೆಯಾ? ಕಿರ್ಲೋಸ್ಕರ್ ಎವಿ-1ರಂಥ 5 ಎಚ್‌ಪಿಯ, ನೀರಿನಿಂದ ತಂಪಾಗುವ ಇಂಜಿನ್. ಪಂಪು ಎತ್ತಿದ ಹೊಳೆ ನೀರಿನಲ್ಲೇ ಒಂದು ಪಾಲು ಸಣ್ಣ ಪೈಪಿನಲ್ಲಿ ಇಂಜಿನ್ ಒಳಗೆ ಹಾದು ತೋಡಿಗೆ ಬೀಳುವ ಹಾಗೆ ಜೋಡಿಸಿರುತ್ತಾರೆ. ಕಡಲ ನೀರನ್ನೇ ಒಳಗೆ ಬಿಡುವ ಹಳೆ ಬೋಟಿನ ಇಂಜಿನ್ನಿಗೂ ಇದಕ್ಕೂ ಏನು ವ್ಯತ್ಯಾಸ? ಟ್ಯಾಂಕೇ ಇಲ್ಲ, ಹಾಗಾಗಿ ಮಟ್ಟದ ಲೆಕ್ಕ ಇಲ್ಲ. ಉಪ್ಪಿಲ್ಲ, ಹಾಗಾಗಿ ಉಪ್ಪಿನ ಪರೀಕ್ಷೆ ಇಲ್ಲ. ಉಳಿಯುವುದು ಡ್ರೈನ್ ಬೋಲ್ಟಿನ ಸಾಕ್ಷಿ ಒಂದೇ. ತಳದಲ್ಲಿ ತಿಳಿ ನೀರಾ, ಕೆಸರು ನೀರಾ, ಹಾಲಾ? ಕೆಸರಾದರೆ ನೆರೆಯಲ್ಲಿ ಮುಳುಗಿದ್ದು. ತಿಳಿ ನೀರಾದರೆ ಮೇಲೆ ನೋಡಿ, ಸೈಲೆನ್ಸರ್ ಬಾಯಿ ಆಕಾಶ ನೋಡುತ್ತಿರಬಹುದು! ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಸೈಲೆನ್ಸರ್ ಮೇಲೆ ತೆಂಗಿನ ಗೆರಟೆ ಕವಚಿ ಇಡುತ್ತಿದ್ದ ಅಜ್ಜಂದಿರು ಎಂಟರಲ್ಲಿ ಒಂದು ದಾರಿಯನ್ನು ಪುಕ್ಕಟೆಯಾಗಿ ಮುಚ್ಚಿದ್ದರು.

ಅಡಿಕೆಗೆ ಮದ್ದು ಬಿಡುವ ಎಚ್‌ಟಿಪಿ ಪಂಪಿನಲ್ಲೂ ಅಷ್ಟೇ. ಪಂಪಿನ ಆಯಿಲ್ ಬೆಳ್ಳಗಾದರೆ ಪಕ್ಕದಲ್ಲಿರುವ ಇಂಜಿನ್ನನ್ನು ಬೈದು ಪ್ರಯೋಜನ ಇಲ್ಲ. ಪ್ಲಂಜರಿನ ಸೀಲು ಹೋಗಿ ಬೋರ್ಡೋ ದ್ರಾವಣ ಒಳಗೆ ಹೋಗಿರುತ್ತದೆ. ಮೈಲುತುತ್ತು ಇರುವ ನೀರದು, ಬರೀ ನೀರಿಗಿಂತ ಬೇಗ ಲೋಹ ತಿನ್ನುತ್ತದೆ.

ಹಾಗಾದರೆ ಇಷ್ಟೆಲ್ಲ ಸುಲಭದ ಪರೀಕ್ಷೆಗಳಿದ್ದೂ ನಾವು ಯಾಕೆ ಮಾಡುವುದಿಲ್ಲ? ಮೆಕ್ಯಾನಿಕ್‌ಗಳಿಗೆ ಗೊತ್ತಿಲ್ಲ ಅಂತ ಹೇಳುವುದು ಅನ್ಯಾಯ. ಇದರಲ್ಲಿ ಹೆಚ್ಚಿನದ್ದು ಒಳ್ಳೆಯ ಮೆಕ್ಯಾನಿಕ್‌ಗೆ ಗೊತ್ತೇ ಇರುತ್ತದೆ. ಬಿ.ಇ. ಮಾಡಿದ ನಮಗೆ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ಮೊದಲ ವರ್ಷ ಎಲ್ಲ ಬ್ರಾಂಚಿನವರೂ ಮೆಕ್ಯಾನಿಕಲ್ ಓದಿದೆವು, ಫೋರ್ ಸ್ಟ್ರೋಕ್ ಇಂಜಿನ್ನಿನ ಚಿತ್ರ ಬರೆದು ಮಾರ್ಕು ತಗೊಂಡೆವು. ಆಯಿಲ್ ಯಾಕೆ ಬೆಳ್ಳಗಾಯಿತು ಅಂತ ಒಂದು ಪ್ರಶ್ನೆಯೂ ನಮಗೆ ಬರಲಿಲ್ಲ.

ನನಗೆ ಕಾಣುವ ಕಾರಣ ದುಡ್ಡು. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಕಟ್ಟಿದ ಕೂಲಿಗೆ ಕೊಡುತ್ತೇವೆ. ಹುಡುಕಿದ್ದಕ್ಕೆ ಕೊಡುವುದಿಲ್ಲ. ಮೆಕ್ಯಾನಿಕ್ ಎರಡು ದಿನ ಟಾರ್ಚು ಹಿಡಿದು ಕೂತು, ಕೊನೆಗೆ ಪಂಪಿನ ಒಂದು ಸಣ್ಣ ಸೀಲು ಬದಲಿಸಿ ಬಿಲ್ಲು ಕೊಟ್ಟರೆ ನಾವೇನು ಹೇಳುತ್ತೇವೆ? "ಇಷ್ಟು ಸಣ್ಣ ಸೀಲಿಗೆ ಇಷ್ಟು ದುಡ್ಡಾ ಮಾರಾಯ್ರೆ?" ಅದೇ ಹೆಡ್ ಬಿಚ್ಚಿ, ಲೇತಿಗೆ ಕೊಟ್ಟು, ನಾಲ್ಕು ಸಾಮಾನು ಬದಲಿಸಿದರೆ ಮಾತಾಡದೆ ಕೊಡುತ್ತೇವೆ. ಕಣ್ಣಿಗೆ ಕಾಣುವ ಕೆಲಸ ಆಗಿದೆಯಲ್ಲ! ಹೀಗಿರುವಾಗ ಯಾರು ಬಾಟಲಿ ಹಿಡಿದು ಕೂರುತ್ತಾರೆ? ನಮ್ಮ ಸಾಫ್ಟ್‌ವೇರ್ ಕಂಪೆನಿಗಳಲ್ಲೂ ಹಾಗೇ. ಸಾವಿರ ಸಾಲು ಹೊಸ ಕೋಡ್ ಬರೆದವನಿಗೆ ಚಪ್ಪಾಳೆ. ಮೂರು ದಿನ ಹುಡುಕಿ ಒಂದು ಸಾಲು ತಿದ್ದಿದವನಿಗೆ "ಮೂರು ದಿನ ಏನು ಮಾಡ್ತಿದ್ದೆ?"

ಇನ್ನೊಂದು ಕಾರಣ ಅವಸರ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಲ್ಪೆಯಲ್ಲಿ, ಮಂಗಳೂರಿನಲ್ಲಿ ಬೋಟು ರಿಪೇರಿ ಜೋರಾಗುವುದು ಆಗಲೇ. ಆಗಸ್ಟ್ ಒಂದಕ್ಕೆ ತಯಾರಾಗಬೇಕು. ಋತು ಶುರುವಾದ ಮೇಲೆ ಬೋಟು ದಕ್ಕೆಯಲ್ಲಿ ನಿಂತರೆ ಮಾಲಕರಿಗೆ ಸಾಲದ ಕಂತು ನಿಲ್ಲುವುದಿಲ್ಲ, ಹಿಡಿದ ಮೀನಿನ ಪಾಲಿನ ಮೇಲೆ ಬದುಕುವ ಕೆಲಸಗಾರರಿಗೆ ಆ ದಿನದ ಸಂಪಾದನೆಯೇ ಇಲ್ಲ. ಆ ಅವಸರ ನನಗೆ ಅರ್ಥ ಆಗುತ್ತದೆ. ಆದರೆ ನಾನು ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಒಂದು ರಾತ್ರಿ, ಒಂದು ಬೆಳಿಗ್ಗೆಯ ಕೆಲಸ. ತಪ್ಪು ಜಾಗ ಬಿಚ್ಚಿದರೆ ಹೋಗುವುದು ಅದಕ್ಕಿಂತ ಜಾಸ್ತಿ ದಿನ. ಕಡಲಿನಲ್ಲಿ ಇಂಜಿನ್ ನಿಂತು ಇನ್ನೊಂದು ಬೋಟು ಬಂದು ಎಳೆದುಕೊಂಡು ಬರಬೇಕಾದರೆ ಎರಡು ಬೋಟಿನ ಫಿಶಿಂಗ್ ಹಾಳು.

"ಅನುಭವಸ್ಥರು ಶಬ್ದ ಕೇಳಿಯೇ ಹೇಳ್ತಾರೆ, ನಿನ್ನ ಬಾಟಲಿ ಯಾರಿಗೆ ಬೇಕು?" ಅಂತ ಕೇಳುವವರೂ ಇದ್ದಾರೆ. ಅನುಭವಕ್ಕೆ ನನ್ನ ನಮಸ್ಕಾರ. ಆದರೆ ನಾಡಿ ನೋಡಿ ಹೇಳುವ ಡಾಕ್ಟರೂ ರಕ್ತ ಪರೀಕ್ಷೆ ಬರೆದು ಕೊಡುತ್ತಾರೆ. ಅದರಿಂದ ಅವರ ಮರ್ಯಾದೆ ಕಡಿಮೆಯಾಗುವುದಿಲ್ಲ. ಅನುಭವ ಎಲ್ಲಿ ಮೊದಲು ನೋಡಬೇಕು ಅಂತ ಹೇಳುತ್ತದೆ, ಬಾಟಲಿ ಅದು ಹೌದಾ ಅಲ್ಲವಾ ಅಂತ ಹೇಳುತ್ತದೆ. ಎರಡೂ ಬೇಕು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಬೋಟಿನಲ್ಲಿ ಎರಡು ರೂಪಾಯಿಯ ಪೆನ್ನು, ಹತ್ತು ರೂಪಾಯಿಯ ಪುಸ್ತಕ. ಆಯಿಲ್ ಮಟ್ಟ, ನೀರಿನ ಟ್ಯಾಂಕಿನ ಮಟ್ಟ, ಎಷ್ಟು ಸೇರಿಸಿದ್ದು, ತಾರೀಕು. ಆಯಿಲ್ ಬದಲಿಸುವಾಗಲೆಲ್ಲ ಒಂದು ಬಾಟಲಿ ತೆಗೆದು ಅಂಟು ಚೀಟಿ ಹಾಕಿ ಇಡುವುದು. ಆಯಿಲ್ ಹಾಲಾದ ದಿನ ಇಂಜಿನ್ ಬಾಟಲಿ, ಟ್ಯಾಂಕ್ ಬಾಟಲಿ, ಹೊರಗಿನ ನೀರಿನ ಬಾಟಲಿ, ಮೂರೂ ತೆಗೆದ ಮೇಲೆಯೇ ಸ್ಪ್ಯಾನರ್ ಎತ್ತುವುದು. ತೂತು ಸಿಕ್ಕಿ ರಿಪೇರಿ ಆದ ಮೇಲೆ ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಬಿಸಿಯಾಗುವಷ್ಟು ಓಡಿಸಿ, ಅದನ್ನೂ ಚೆಲ್ಲಿ, ಫಿಲ್ಟರ್ ಬದಲಿಸಿ, ಬಣ್ಣ ಶುದ್ಧ ಆಗುವವರೆಗೆ ಇದನ್ನೇ ಮಾಡಬೇಕು. ಒಂದೇ ಸಲಕ್ಕೆ ಎಲ್ಲ ನೀರು ಹೋಗುವುದಿಲ್ಲ, ಮೂಲೆಗಳಲ್ಲಿ ಉಳಿದಿರುತ್ತದೆ. ಕಡಲ ನೀರಾದರೆ ಈ ಕೆಲಸ ಆ ದಿನವೇ ಆಗಬೇಕು, ಉಪ್ಪು ಕಾಯುವುದಿಲ್ಲ.

ಮತ್ತೆ, ಹುಡುಕಿ ಕೊಟ್ಟ ಮೆಕ್ಯಾನಿಕ್‌ಗೆ ಹುಡುಕಿದ್ದಕ್ಕೆ ಅಂತಲೇ ದುಡ್ಡು ಕೊಡಿ. ಬಿಲ್ಲಿನಲ್ಲಿ "ಪತ್ತೆ ಮಾಡಿದ ಕೂಲಿ" ಅಂತ ಒಂದು ಸಾಲು ಇರಲಿ. ಸಣ್ಣ ಸೀಲಿಗೆ ದೊಡ್ಡ ದುಡ್ಡು ಅಂತ ಅನ್ನಿಸಿದರೆ, ಬಿಚ್ಚದೆ ಉಳಿದ ಹೆಡ್ಡಿನ ಖರ್ಚು ಒಮ್ಮೆ ನೆನಪು ಮಾಡಿಕೊಳ್ಳಿ.

ನಿಮ್ಮಲ್ಲಿ ಕುಂದಾಪುರ, ಕಾರವಾರ, ಕಾಸರಗೋಡು ಕಡೆಯವರು ಇದ್ದೀರಿ. ಮನೆಯಲ್ಲಿ ಬೋಟು ಇರುವವರೂ ಇದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಕಡೆ ಆಯಿಲ್ ಹಾಲಾದರೆ ಮೊದಲು ಏನು ಮಾಡುತ್ತಾರೆ? ನಾನು ಬಿಟ್ಟ ಒಂಬತ್ತನೇ ದಾರಿ ಯಾವುದಾದರೂ ಉಂಟಾ? ಇದ್ದರೆ ಬರೆಯಿರಿ, ಈ ಪಟ್ಟಿಗೆ ಸೇರಿಸುತ್ತೇನೆ.